ಗ್ರೇಡ್ ಇಲ್ಲದ ಪೆಟ್ಟಿಗೆ

ಹಾರ್ಮೋನಿಯಂನ ಚರಿತ್ರೆ ಬರೆಯುವವರು 1940ರ ಮಾರ್ಚ್ 1ನ್ನು ದಾಟದೆ ಮುಂದೆ ಹೋಗುವಂತಿಲ್ಲ. ಅಂದಿನಿಂದ ಆಲ್ ಇಂಡಿಯಾ ರೇಡಿಯೋ ಈ ವಾದ್ಯವನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. ಹನ್ನೆರಡು ಮನೆಗಳಲ್ಲಿ ಗಟ್ಟಿಯಾಗಿ ನಿಂತುಬಿಡುವ ಸ್ವರಕ್ಕೆ ಗಮಕವಿಲ್ಲ, ಮೀಂಡ್ ಇಲ್ಲ, ಮೇಲಾಗಿ ಇದು ಪರದೇಶಿ ಎಂಬುದು ಆಕ್ಷೇಪ. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಈ ಮೂವತ್ತೊಂದು ವರ್ಷಗಳಲ್ಲಿ ನಮ್ಮ ಸೀಮೆಯ ಹವ್ಯಾಸಿ ಹಾರ್ಮೋನಿಯಂ ವಾದಕರು ಏನು ಮಾಡುತ್ತಿದ್ದರು ಎಂಬುದು ನನ್ನ ಪ್ರಬಂಧದ ಒಂದು ಅಧ್ಯಾಯ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿರುವ ಆಲ್ದೂರು ನನ್ನ ಅಜ್ಜನ ಊರು. ಅಲ್ಲಿ ಹಿಂದೆ ನಾಟಕಗಳಲ್ಲಿ ದ್ರೌಪದಿಯಾಗುತ್ತಿದ್ದ, ಈಗ ಎಂಬತ್ತು ದಾಟಿದ ಹಿರಿಯರೊಬ್ಬರನ್ನು ಈ ನಿಷೇಧದ ಬಗ್ಗೆ ಕೇಳಿದೆ. ಅವರು ನಕ್ಕರು. "ಪೆಟ್ಟಿಗೆಗೆ ನಿಷೇಧವಾ? ಯಾರು ಮಾಡಿದ್ದು ಮಗಾ? ನಮಗೆ ಯಾರೂ ಹೇಳ್ಲೇ ಇಲ್ಲ."

ಅಜ್ಜ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಮಸ್ಟರ್‌ಗೆ ಆಳುಗಳ ಹೆಸರು ಬರೆದುಕೊಳ್ಳಬೇಕು, ಅದಕ್ಕೆ ಮುಂಚೆ ಒಂದು ಗಂಟೆ ಪೆಟ್ಟಿಗೆ. ಮೊದಲು ಸರಳೆ, ಆಮೇಲೆ ಅಲಂಕಾರ, ಅದೂ ಒಂದೇ ಶ್ರುತಿಯಲ್ಲಲ್ಲ. ಇವತ್ತು ಬಿಳಿ ಒಂದರಿಂದ ನುಡಿಸಿದ್ದನ್ನು ನಾಳೆ ಕರಿ ಒಂದರಿಂದ, ನಾಡಿದ್ದು ಬಿಳಿ ಎರಡರಿಂದ. ರಂಗದ ಮೇಲೆ ಬರುವವನ ಗಂಟಲು ಆ ರಾತ್ರಿ ಎಲ್ಲಿ ನಿಲ್ಲುತ್ತದೋ ಬೆರಳು ಅಲ್ಲಿಗೆ ಹೋಗಬೇಕಲ್ಲ. ಹಾಡುವವನು ಎಡವಿದರೆ ಮುಂದಿನ ಸಾಲು ಸಿಗುವವರೆಗೆ ನಡುವಿನ ಖಾಲಿಯನ್ನು ತುಂಬಬೇಕು. ಇದಕ್ಕೆ ಪುಸ್ತಕವಿಲ್ಲ, ಕಿವಿಯೇ ಎಲ್ಲ.

ಕಾರ್ಯಕ್ರಮಗಳ ಲೆಕ್ಕವನ್ನು ಕಾಫಿಯೇ ಇಡುತ್ತಿತ್ತು. ನವೆಂಬರಿನಿಂದ ಕೊಯ್ಲು, ಆಗ ಯಾರಿಗೂ ಪುರುಸೊತ್ತಿಲ್ಲ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಅದೇ ಕಣದಲ್ಲಿ ಚಪ್ಪರ ಹಾಕಿ 'ಕುರುಕ್ಷೇತ್ರ'. ಜಾತ್ರೆ, ಮದುವೆ ಮನೆಯ ಭಜನೆ, ಭಾದ್ರಪದದಲ್ಲಿ ಗಣಪತಿ. ಸಂಭಾವನೆ ಎಂದರೆ ಎಲೆ ಅಡಿಕೆ, ತೆಂಗಿನಕಾಯಿ, ಊಟ. ಅಭ್ಯಾಸಕ್ಕೆ ಧಾರಾಳ ಸಮಯ ಸಿಗುತ್ತಿದ್ದುದು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದಲ್ಲಿ. ಆದರೆ ಪೆಟ್ಟಿಗೆಗೆ ಕಾಯಿಲೆ ಬರುವುದೂ ಆಗಲೇ. ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಕೂರುತ್ತವೆ, ತಿದಿಗೆ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆಯ ರೀಡಿನಲ್ಲಿ ಕಿಲುಬು ಕೂತು ಸ್ವರ ಸೀಳುತ್ತದೆ. ಅಜ್ಜಿ ಅದನ್ನು ಒಲೆಯ ಹತ್ತಿರದ ಮಣೆಯ ಮೇಲೆ ಇಡುತ್ತಿದ್ದರಂತೆ, ಬಾಣಂತಿಯನ್ನು ಬೆಚ್ಚಗಿಟ್ಟ ಹಾಗೆ. ದೊರೆಗಳ ಬಂಗಲೆಗಳಲ್ಲಿದ್ದ ಪಿಯಾನೊಗೆ ಈ ಉಪಚಾರ ಮಾಡಲಾಗುತ್ತಿರಲಿಲ್ಲ, ಅದನ್ನು ಎತ್ತುವವರು ಯಾರು! 1842ರಲ್ಲಿ ಪ್ಯಾರಿಸಿನ ದೆಬೆಯ್ನ್ ಹಕ್ಕುಪತ್ರ ಪಡೆದ ಕಾಲ್ತಿದಿಯ ಹಾರ್ಮೋನಿಯಂ ಕೂಡ ಕುರ್ಚಿ ಬೇಡುವ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಕೈತಿದಿ ಜೋಡಿಸಿ ಅದನ್ನು ನೆಲಕ್ಕಿಳಿಸಿದ್ದರಿಂದಲೇ ಅದು ಘಟ್ಟದ ಅಡುಗೆಮನೆಯವರೆಗೂ ಬಂತು.

ಹಾಗಾದರೆ ನಿಷೇಧದಿಂದ ಆಲ್ದೂರಿಗೆ ಏನೂ ಆಗಲಿಲ್ಲವೇ? ವಾದನಕ್ಕೆ ಆಗಲಿಲ್ಲ, ದಾಖಲೆಗೆ ಆಯಿತು ಎನ್ನುವುದು ನನ್ನ ವಾದ. 1950ರ ದಶಕದಲ್ಲಿ, ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ, ರೇಡಿಯೋ ಆಡಿಷನ್ ನಡೆಸಿ ಕಲಾವಿದರಿಗೆ ಗ್ರೇಡ್ ಕೊಡತೊಡಗಿತು. ಗ್ರೇಡ್ ಸಿಕ್ಕವರಿಗೆ ಕಡತ ಹುಟ್ಟಿತು, ಕಡತ ಇದ್ದವರಿಗೆ ಚರಿತ್ರೆ. ಹಾರ್ಮೋನಿಯಂನವರು ಅರ್ಜಿ ಹಾಕುವ ಬಾಗಿಲೇ ಮುಚ್ಚಿತ್ತು. ಅದೇ ಕಾಲದ ಮೈಸೂರಿನ ಇನ್ನೊಬ್ಬ ಹವ್ಯಾಸಿಯನ್ನು ನೋಡಿ. ಜಯಚಾಮರಾಜೇಂದ್ರ ಒಡೆಯರ್ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಿಂದ ಪಿಯಾನೊದಲ್ಲಿ ಲೈಸೆನ್ಶಿಯೇಟ್ ಪಡೆದರು. ರಷ್ಯಾದ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಮಹಾರಾಜರ ಹವ್ಯಾಸ ಸಂಗೀತದ ಪುಸ್ತಕಗಳಲ್ಲಿದೆ. ಅವರ ರಾಜ್ಯದ ರೈಟರ್‌ಗಳು, ಮೇಷ್ಟ್ರುಗಳು, ಬಡಗಿಗಳು ಅದೇ ಬಿಳಿ ಕರಿ ಮನೆಗಳ ಮೇಲೆ ಬೆರಳಾಡಿಸಿದ್ದು ಎಲ್ಲಿಯೂ ಇಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ ಎಂದು ವಿಭಾಗದ ಸೆಮಿನಾರಿನಲ್ಲಿ ಒಬ್ಬರು ಹೇಳಿದರು. ನಾನು ತೂಗುತ್ತಿರುವುದು ಸಂಗೀತವನ್ನಲ್ಲ, ಕಾಗದವನ್ನು.

"ಆಕರ ಎಲ್ಲಿದೆ?" ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ನನ್ನ ಬಳಿ ಇರುವುದು ಅಜ್ಜನ ಒಂದು ನೋಟ್‌ಬುಕ್. ಒಂದು ಬದಿಯಲ್ಲಿ ಗೊಬ್ಬರದ ಮೂಟೆಗಳ ಲೆಕ್ಕ, ತಿರುವಿ ಹಿಡಿದರೆ ನಾಟಕದ ಪಾತ್ರಗಳು, ಪ್ರತಿ ಪಾತ್ರದ ಎದುರು ಶ್ರುತಿ. ಕೃಷ್ಣ, ಬಿಳಿ 4. ಭೀಮ, ಕರಿ 1. ದುರ್ಯೋಧನನ ಮುಂದೆ ಶ್ರುತಿಯ ಬದಲು 'ಗಟ್ಟಿಯಾಗಿ ಬಾರಿಸುವುದು' ಎಂದಷ್ಟೇ ಇದೆ. ದ್ರೌಪದಿಯ ಸಾಲಿನಲ್ಲಿ ಬಿಳಿ 5 ಎಂದು ಬರೆದು ಹೊಡೆದುಹಾಕಿ ಬಿಳಿ 4 ಮಾಡಿದ್ದಾರೆ, ಅದನ್ನೂ ಹೊಡೆದು ಬಿಳಿ 3, ಕೊನೆಗೆ ಬೇರೆ ಶಾಯಿಯಲ್ಲಿ ಕರಿ 2. ಆ ಪುಟವನ್ನು ಹಿರಿಯರಿಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ನನ್ನ ಗಂಟಲು ಇಳೀತಾ ಬಂದಿದ್ದು ನಿಮ್ಮಜ್ಜನಿಗೆ ಗೊತ್ತಿತ್ತಾ? ಒಂದು ಸಲವೂ ಹೇಳ್ಲಿಲ್ಲ ಮಾರಾಯ. ಪ್ರತಿ ವರ್ಷ ಅದೇ ಶ್ರುತಿ ಅಂದ್ಕೊಂಡೇ ಹಾಡ್ತಿದ್ದೆ."