ಜರ್ಮನ್ ಬೋಗುಣಿಯ ಜನ್ಮಾಂತರ

ಶಿಗ್ಲಿಯ ನಮ್ಮ ಮನೆಯಲ್ಲಿ ಹಿತ್ತಾಳೆಯ ಕೊಡಕ್ಕೆ ಹೆಸರಿತ್ತು. ಅಲ್ಯೂಮಿನಿಯಮ್ಮಿನ ಬೋಗುಣಿಗೆ ಇರಲಿಲ್ಲ. ಕೊಡದ ಕಂಠದ ಮೇಲೆ ಅಜ್ಜಿಯ ತವರಿನವರು ಆಕೆಯ ಹೆಸರು ಕೊರೆಸಿ ಕಳಿಸಿದ್ದರು. ಬೋಗುಣಿಯೋ, ಸಂತೆಯಲ್ಲಿ ಕೊಂಡದ್ದು. ನಮ್ಮ ಕಡೆ ಆ ಲೋಹಕ್ಕೆ 'ಜರ್ಮನ್' ಎಂದೇ ಹೆಸರು. ಜರ್ಮನಿಗೂ ಅದಕ್ಕೂ ಏನು ನಂಟೆಂದು ಯಾರೂ ಕೇಳಿದವರಲ್ಲ. ತಳ ತೂತಾದ ದಿನ ಗುಜರಿಯವನು ಅದನ್ನು ತಕ್ಕಡಿಗೆ ಹಾಕಿ, "ಯವ್ವಾ, ಇದು ಸಾಯೂದಿಲ್ಲ, ಮತ್ತ ಹುಟ್ಟಿ ಬರತೈತಿ" ಎಂದ. "ಬಂದರ ನಾ ಗುರುತು ಹ್ಯಾಂಗ ಹಿಡೀಲೋ?" ಎಂದಳು ಅಜ್ಜಿ.

ಹುಟ್ಟಿದಾಗ ಇದು ಬಡವರ ಲೋಹವಾಗಿರಲಿಲ್ಲ. 1825ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಇದನ್ನು ಮೊದಲು ಬೇರ್ಪಡಿಸಿದ. 1884ರಲ್ಲಿ ಅಮೆರಿಕನ್ನರು ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಇದನ್ನೇ ಮುಕುಟವಾಗಿ ಇಟ್ಟರು. ಎರಡೇ ವರ್ಷಗಳಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆಬೇರೆಯಾಗಿಯೇ ವಿದ್ಯುತ್ತಿನಿಂದ ಇದನ್ನು ತೆಗೆಯುವ ವಿಧಾನ ಕಂಡುಹಿಡಿದರು, ಬೆಲೆ ನೆಲಕ್ಕಿಳಿಯಿತು. 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನ ಕಲಾಶಾಲೆಯಲ್ಲಿ ಇದರ ಪಾತ್ರೆ ಮಾಡಿಸತೊಡಗಿದ. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದವನೂ ಈತನೇ.

ಗಾಳಿ ತಗುಲಿದೊಡನೆ ಈ ಲೋಹದ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಕಟ್ಟುತ್ತದೆ. ಗೀರಿದರೆ ಮತ್ತೆ ಕಟ್ಟುತ್ತದೆ. ಕಬ್ಬಿಣವನ್ನು ಅದರ ತುಕ್ಕು ತಿನ್ನುತ್ತದೆ, ಇದನ್ನು ಇದರ ತುಕ್ಕೇ ಕಾಯುತ್ತದೆ. ಹುಳಿ, ಉಪ್ಪುಗಳಿಗೆ ಮಾತ್ರ ಆ ಪೊರೆ ಸೋಲುತ್ತದೆ. ಅಜ್ಜಿ ಸಾರನ್ನು ಜರ್ಮನ್ನಿನಲ್ಲಿ ರಾತ್ರಿಯಿಡೀ ಇಡುತ್ತಿರಲಿಲ್ಲ. ಯಾವ ರಸಾಯನಶಾಸ್ತ್ರಜ್ಞನನ್ನೂ ಆಕೆ ಕೇಳಿದವಳಲ್ಲ.

ಬೆಳಗಾವಿಯಲ್ಲಿ 1970ರ ಸುಮಾರಿಗೆ ಇಂಡಾಲ್ ಕಾರ್ಖಾನೆ ಈ ಲೋಹವನ್ನು ತೆಗೆಯತೊಡಗಿತು. ಅಲ್ಲಿ ಲೋಹ ತೆಗೆಯುವುದು ನಿಂತು ಬಹುಕಾಲವಾಯಿತು. ಅಲ್ಯೂಮಿನಾ ಪುಡಿ ಇಂದಿಗೂ ತಯಾರಾಗುತ್ತದೆ. ಆ ಪುಡಿಯಿಂದ ಒಂದು ಕಿಲೋ ಲೋಹ ಪಡೆಯಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಹಳೆಯ ಬೋಗುಣಿಯಾದರೆ 660 ಡಿಗ್ರಿಗೆ ಕರಗುತ್ತದೆ. ಹೊಸದನ್ನು ತೆಗೆಯುವ ಶಕ್ತಿಯಲ್ಲಿ ಇಪ್ಪತ್ತನೆಯ ಒಂದು ಪಾಲು ಸಾಕು. ಎಷ್ಟು ಸಲ ಕರಗಿಸಿದರೂ ಲೋಹದ ಗುಣ ಕೆಡದು.

ಕೆಡುವುದು ಸಹವಾಸದಿಂದ. ಮೋಟಾರಿನ ಬಿಡಿಭಾಗ, ಬೆಸುಗೆಯ ಸೀಸ, ಬೋಗುಣಿ ಎಲ್ಲವನ್ನೂ ಒಂದೇ ಮೂಸೆಗೆ ಸುರಿದರೆ ಸೀಸವೂ ಅಡಿಗೆಮನೆಗೆ ಬಂದೀತು. ಲೋಹದ ಅಮರತ್ವವನ್ನು ಹೊಗಳುವ ನಾವು ಗುಜರಿ ಅಂಗಡಿಯಲ್ಲಿ ಕುಳಿತು ಅದನ್ನು ಬೇರೆಬೇರೆಯಾಗಿ ಆರಿಸುವ ಕೈಗಳನ್ನು ನೆನೆಯುವುದು ಕಡಿಮೆ.

ಅಜ್ಜಿಯ ಕೊಡ ಇಂದಿಗೂ ನಮ್ಮ ಅಟ್ಟದ ಮೇಲಿದೆ, ನೀರು ತುಂಬಿದವರಿಲ್ಲ. ಬೋಗುಣಿ ಈಗ ಯಾರ ಒಲೆಯ ಮೇಲೋ, ಯಾವ ಕಿಟಕಿಯ ಚೌಕಟ್ಟಿನಲ್ಲೋ. ಲಕ್ಷ್ಮೇಶ್ವರದ ಪೇಟೆಯಲ್ಲಿ ಹೊಸ ಪಾತ್ರೆಗಳ ಸಾಲು ಕಂಡಾಗಲೆಲ್ಲ ಒಂದನ್ನು ಎತ್ತಿ, ತಳ ತಿರುವಿ ನೋಡುತ್ತೇನೆ.