ಸೈಬರ್ ಭದ್ರತೆಯ ಸ್ಪರ್ಧೆಗಳು ಬೆಳೆದು ಬಂದ ಬಗೆ

ಇನ್ನೊಬ್ಬರ ಗಣಕಯಂತ್ರಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಶಿಕ್ಷೆ ವಿಧಿಸುತ್ತದೆ. ಹಾಗಾದರೆ ಗಣಕಯಂತ್ರದ ರಕ್ಷಣೆಯನ್ನು ಕಲಿಯಬೇಕಾದ ವಿದ್ಯಾರ್ಥಿ ಅಭ್ಯಾಸ ಮಾಡುವುದೆಲ್ಲಿ?

1996ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ, ಡೆಫ್ ಕಾನ್ ಸಮ್ಮೇಳನದಲ್ಲಿ 'ಕ್ಯಾಪ್ಚರ್ ದಿ ಫ್ಲ್ಯಾಗ್' ಎಂಬ ಸ್ಪರ್ಧೆ ಆರಂಭವಾಯಿತು. ಅಲ್ಲಿಗೆ ಹೋಗಬಲ್ಲವರಿಗಷ್ಟೇ ಆ ಅವಕಾಶ. 1999ರಲ್ಲಿ ವಿಎಂವೇರ್ ಕಂಪನಿಯು ಸಾಧಾರಣ ಪಿಸಿಯೊಳಗೇ ಇನ್ನೊಂದು ಗಣಕಯಂತ್ರವನ್ನು ನಡೆಸುವ ತಂತ್ರಾಂಶ ತಂದಿತು. (ಐಬಿಎಂನ ದೊಡ್ಡ ಯಂತ್ರಗಳಲ್ಲಿ ಈ ವಿದ್ಯೆ ಅದಕ್ಕೂ ಮೊದಲೇ ಇತ್ತು.) ಇದೇ ವರ್ಚುವಲ್ ಯಂತ್ರ. ಅದು ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸಬಹುದು. ಪ್ರಯೋಗಾಲಯದ ನಿಜವಾದ ಯಂತ್ರಕ್ಕೆ ಧಕ್ಕೆಯಿಲ್ಲ.

ಅಮೆರಿಕದ ಏರ್ ಫೋರ್ಸ್ ಅಸೋಸಿಯೇಷನ್ 2009ರಲ್ಲಿ ಕೇವಲ 8 ತಂಡಗಳೊಂದಿಗೆ 'ಸೈಬರ್‌ಪೇಟ್ರಿಯಟ್' ಸ್ಪರ್ಧೆಯನ್ನು ಪ್ರಾರಂಭಿಸಿತು. ಮುಂದಿನ ವರ್ಷಗಳಲ್ಲಿ ಶಾಲಾ ಮಕ್ಕಳಿಗೆ ಬೇಕೆಂದೇ ದುರ್ಬಲಗೊಳಿಸಿದ ವರ್ಚುವಲ್ ಯಂತ್ರಗಳನ್ನು ಕೊಡಲಾಯಿತು. ಸುಲಭವಾದ ಪಾಸ್‌ವರ್ಡ್, ಅನಧಿಕೃತ ಖಾತೆ, ಹಳೆಯ ತಂತ್ರಾಂಶ ಮುಂತಾದವನ್ನು ಅವರು ಹುಡುಕಿ ಸರಿಪಡಿಸಬೇಕು. ಅಗತ್ಯ ಸೇವೆ ನಿಂತುಹೋದರೆ ಅಂಕ ಕಡಿತ. ಈ ನಿಯಮ ನನಗೆ ಬಹಳ ಹಿಡಿಸಿತು. ಕಳ್ಳನಿಗೆ ಹೆದರಿ ಬಾಗಿಲು ಜಡಿದು ಮನೆಯವರನ್ನೇ ಹೊರಗೆ ನಿಲ್ಲಿಸಿದರೆ ಪ್ರಯೋಜನವೇನು?

ನಮ್ಮಲ್ಲಿ ಅಮೃತ ವಿಶ್ವವಿದ್ಯಾಪೀಠದವರು 2010ರಲ್ಲಿ 'ಇನ್‌ಸಿಟಿಎಫ್' ಆರಂಭಿಸಿದರು. 2013ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಪಿಕೋಸಿಟಿಎಫ್' ಬಂದಿತು. ಇದರಲ್ಲಿ ಪ್ರಯೋಗಾಲಯವೇ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಶುಲ್ಕವಿಲ್ಲ, 13 ವರ್ಷ ತುಂಬಿದವರು ಸೇರಬಹುದು. ಹಳೆಯ ಸ್ಪರ್ಧೆಗಳ ಪ್ರಶ್ನೆಗಳೂ ಅಭ್ಯಾಸಕ್ಕೆ ಅಲ್ಲಿಯೇ ಸಿಗುತ್ತವೆ.