ಮದ್ದು ಬಿದ್ದ ಕಣ್ಣಿನ ಕೆಂಪು: ಸಂವೇದನಾ ನರದ ಪಾಲು

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಬಿಡುವ ಕ್ರಮ ಬದಲಾಗುತ್ತಿದೆ. ನೆಲದಲ್ಲಿ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಮದ್ದು ಬಿಡುವವರು ಗೊನೆಯತ್ತ ಮುಖವೆತ್ತಲೇಬೇಕು. ಹನಿ ಕಣ್ಣಿಗೆ ಬೀಳುವ ಅಪಾಯ ಅಲ್ಲಿದೆ. ಆಗ ಏಳುವ ಕೆಂಪನ್ನೆಲ್ಲ ದ್ರಾವಣದಲ್ಲಿರುವ ಮೈಲುತುತ್ತು, ಸುಣ್ಣಗಳ ನೇರ ಸುಡುವಿಕೆಯೆಂದು ಎಣಿಸುವುದನ್ನು ಈ ಲೇಖನ ಒಪ್ಪುವುದಿಲ್ಲ.

ಸಂವೇದನಾ ನರವೇ ಉರಿಯೂತ ಹುಟ್ಟಿಸಬಲ್ಲದು ಎಂಬುದರಲ್ಲಿ ಈಗ ವಿವಾದವಿಲ್ಲ. ನರ ಕಡಿದರೆ, ಇಲ್ಲವೇ ಮೆಣಸಿನ ಕ್ಯಾಪ್ಸೈಸಿನ್‌ನಿಂದ ಮೊದಲೇ ಅದನ್ನು ನಿಷ್ಕ್ರಿಯಗೊಳಿಸಿದರೆ ಉರಿಯೂತ ತಗ್ಗುವುದನ್ನು ಹಂಗೇರಿಯ ಯಾಂಚೊ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ನರತುದಿ ನೋವಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಸಬ್‌ಸ್ಟೆನ್ಸ್-ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳನ್ನು ಸುತ್ತಲಿನ ಅಂಗಾಂಶಕ್ಕೆ ಬಿಡುತ್ತದೆ.

ತಕರಾರಿರುವುದು ಮೊಲದ ಕಣ್ಣಿನ ಮೇಲಿನ ಪ್ರಯೋಗಗಳ ಫಲಿತಾಂಶವನ್ನು ಮನುಷ್ಯನಿಗೆ ಹಾಗೆಯೇ ಹೊಂದಿಸುವುದರಲ್ಲಿ. ಮೊಲದಲ್ಲಿ ಸಬ್‌ಸ್ಟೆನ್ಸ್-ಪಿ ಪಾಪೆಯನ್ನು ಬಲವಾಗಿ ಕುಗ್ಗಿಸುತ್ತದೆ. ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸಿ, ಕಣ್ಣೊಳಗಿನ ದ್ರವಕ್ಕೆ ಪ್ರೋಟೀನ್ ಸೋರಿಸುತ್ತದೆ. ಮನುಷ್ಯನ ಪಾಪೆಯ ಸ್ನಾಯುವಾದರೋ ಸಬ್‌ಸ್ಟೆನ್ಸ್-ಪಿಗೆ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಪಾಪೆ ಕುಗ್ಗಿಲ್ಲವೆಂಬ ಕಾರಣಕ್ಕೆ ನರದ ಪಾತ್ರವನ್ನು ತಳ್ಳಿಹಾಕುವುದು ಸರಿಯಲ್ಲ. ಮನುಷ್ಯನಲ್ಲೂ ಸಿಜಿಆರ್‌ಪಿ ಪ್ರಬಲ ನಾಳವಿಸ್ತಾರಕವೇ. ಸಾಕ್ಷ್ಯ ಹುಡುಕಬೇಕಾದದ್ದು ರಕ್ತನಾಳಗಳಲ್ಲಿ.

ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಕೆಂಪು ಗಾಯದ ಅಳತೆಯಲ್ಲ. ಭಾಗಶಃವಾದರೂ ಅದು ಬದುಕಿರುವ ನರದ ಗುರುತು. ಈ ಮಾತು ಎಲ್ಲ ಕಣ್ಣುರಿಗೂ ಅನ್ವಯಿಸದು. ಸೋಂಕಿನಲ್ಲಿ ಬೇರೆ ರಾಸಾಯನಿಕಗಳೂ ಕೆಲಸ ಮಾಡುತ್ತವೆ. ಸರಿಯಾಗಿ ಬೆರೆಸಿದ ಬೋರ್ಡೋಗೂ ಸುಣ್ಣ ಹೆಚ್ಚಾಗಿ ಕ್ಷಾರವಾದ ದ್ರಾವಣಕ್ಕೂ ವ್ಯತ್ಯಾಸವಿದೆ. ಆದರೂ ತೀವ್ರ ಕ್ಷಾರಗಾಯದ ಅನುಭವ ಈ ಊಹೆಗೆ ಪೂರಕ. ಅಲ್ಲಿ ಕಾರ್ನಿಯಾದ ಅಂಚಿನ ರಕ್ತಸಂಚಾರ ನಿಂತು ಕಣ್ಣು ಬೆಳ್ಳಗಾಗಬಹುದು, ಸ್ಪರ್ಶಜ್ಞಾನವೂ ಹೋಗಬಹುದು. ರೋಪರ್-ಹಾಲ್ ಕಣ್ಣಿನ ಸುಟ್ಟಗಾಯಗಳ 1965ರ ವರ್ಗೀಕರಣದಲ್ಲಿ ಈ ಬಿಳಿಪನ್ನೂ ತೀವ್ರತೆಯ ಲಕ್ಷಣವಾಗಿ ಗಣಿಸಿದರು. ಬಿಳಿಪಿಗೆ ನಾಳಗಳ ನಾಶವೇ ಸಾಕಷ್ಟು ಕಾರಣವಾದ್ದರಿಂದ ಇದನ್ನು ನರದ ಪರವಾದ ಪೂರ್ಣ ಪುರಾವೆಯೆನ್ನಲಾಗದು. ಆದರೆ ಕೆಂಪೂ ಇಲ್ಲ, ಉರಿಯೂ ಇಲ್ಲವೆಂದು ಕೆಲಸ ಮುಂದುವರಿಸುವ ಕಾರ್ಮಿಕನೇ ಹೆಚ್ಚಿನ ಅಪಾಯದಲ್ಲಿರಬಹುದು.

ಹಾಗೆಂದು ಕೆಂಪು ತಗ್ಗಿಸಲು ನರದ ಈ ಪೆಪ್ಟೈಡ್‌ಗಳನ್ನು ಪೂರಾ ತಡೆಯುವುದೂ ಹಿತವಲ್ಲ. ಇನ್ಸುಲಿನ್ ಮಾದರಿಯ ಬೆಳವಣಿಗೆ ಅಂಶದ ಜೊತೆಗೂಡಿ ಸಬ್‌ಸ್ಟೆನ್ಸ್-ಪಿ ಕಾರ್ನಿಯಾದ ಮೇಲ್ಪದರ ಮಾಯಲು ನೆರವಾಗುತ್ತದೆ.

ನರದ ಪಾಲೆಷ್ಟೆಂಬ ಪ್ರಶ್ನೆ ಉಳಿದಿದೆ. ಹತ್ತಿಯೆಳೆಯಿಂದ ಕಾರ್ನಿಯಾದ ಸ್ಪರ್ಶಜ್ಞಾನ ಪರೀಕ್ಷಿಸಿ, ಅದು ಕುಂದಿದ ಕಣ್ಣುಗಳಲ್ಲಿ ಅಷ್ಟೇ ಗಾಯಕ್ಕೆ ಕೆಂಪು ಕಡಿಮೆಯೇ ಎಂದು ನೋಡಬಹುದು. ಕಣ್ಣೀರಿನ ಸಿಜಿಆರ್‌ಪಿ ಅಳೆಯುವುದು ಇನ್ನೂ ನೇರವಾದ ದಾರಿ. ಆದರೆ ಹನಿ ಬಿದ್ದೊಡನೆ ನೀರಿನಿಂದ ಧಾರಾಳವಾಗಿ ತೊಳೆಯಲೇಬೇಕು. ಅಳತೆಗೆ ಬೇಕಾದ ಕಣ್ಣೀರು ಅದರೊಂದಿಗೇ ಹರಿದುಹೋಗುತ್ತದೆ.